ನಾಲ್ಕು ಸಾವಿರ ದಿರ್ಹಮ್ ಪಗಾರದಲ್ಲಿ ಉಳಿದದ್ದೆಷ್ಟು?

ಯುಎಇ ದೇಶದ ಶಾರ್ಜಾದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿದೆ ಎಂದು ಗೊತ್ತಾದ ಮೇಲೆ ಗದಗದ ನಮ್ಮ ಓಣಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ. ‘ಪಗಾರ ಎಷ್ಟಂತವಾ?’ ನಾಲ್ಕು ಸಾವಿರ ದಿರ್ಹಮ್ ಅಂದರೆ ಸಾಕು, ಅಲ್ಲೇ ಮೊಬೈಲ್ ತೆಗೆದು ರೂಪಾಯಿ ಲೆಕ್ಕ ಹಾಕುತ್ತಿದ್ದರು. ಅದು 2022ರ ಏಪ್ರಿಲ್. ದಿರ್ಹಮ್‌ಗೆ 20 ರೂಪಾಯಿ ಚಿಲ್ಲರೆ ಇತ್ತು. ಅಂದರೆ 80 ಸಾವಿರಕ್ಕೂ ಜಾಸ್ತಿ. ಹುಬ್ಬಳ್ಳಿಯ ಖಾಸಗಿ ಶಾಲೆಯಲ್ಲಿ ನನಗೆ ಬರುತ್ತಿದ್ದದ್ದು 24 ಸಾವಿರ. ‘ಆತು ಬಿಡು, ಇನ್ನ ನಿಮ್ಮನ್ನ ಹಿಡಿಯವರಿಲ್ಲ’ ಎಂದು ಪಕ್ಕದ ಮನೆಯ ಕಾಕೂ ನಕ್ಕರು.

ಅಪ್ಪ ಮಾತ್ರ ಪಗಾರ ಕೇಳಲಿಲ್ಲ. ವಾಯವ್ಯ ಸಾರಿಗೆಯಲ್ಲಿ ಕಂಡಕ್ಟರ್ ಆಗಿ ನಿವೃತ್ತಿಯಾದವನು. ದಿನಾ ರಾತ್ರಿ ಚೀಲ ಬರಿದು ಮಾಡಿ ಚಿಲ್ಲರೆ ಎಣಿಸಿದ ಮನುಷ್ಯ. ‘ಬರೋದಿರಲಿ, ಎಷ್ಟ ಉಳಿತೈತಿ ಅದನ್ನ ಹೇಳು’ ಎಂದ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂರು ವರ್ಷ ಅಲ್ಲಿದ್ದು ಬಂದ ಮೇಲೆ ಈಗ ಇದೆ. ವಿದೇಶಕ್ಕೆ ಹೋಗಬೇಕು ಅಂದುಕೊಂಡಿರುವ ನಮ್ಮ ಕಡೆಯ ಇಂಗ್ಲಿಷ್ ಶಿಕ್ಷಕರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಎಲ್ಲಿಗೆ ಹೋಗಬಹುದು ಅನ್ನುವುದು. ಇದನ್ನು ಯಾರೂ ನೇರವಾಗಿ ಹೇಳುವುದಿಲ್ಲ. ನಾನು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ., ಆಮೇಲೆ ಧಾರವಾಡದಲ್ಲೇ ಬಿ.ಎಡ್. ಮಾಡಿದವಳು. ಮೊದಲು ಕಣ್ಣು ಹೋದದ್ದು ದಕ್ಷಿಣ ಕೊರಿಯಾದ ಮೇಲೆ. ಅಲ್ಲಿ ಮನೆಯೂ ಕೊಡುತ್ತಾರೆ, ಉಳಿತಾಯ ಚೆನ್ನಾಗಿದೆ ಎಂದು ಎಲ್ಲ ಕಡೆ ಓದಿದ್ದೆ. ಓದುತ್ತಾ ಹೋದಾಗ ಗೊತ್ತಾಯಿತು, ಭಾಷೆ ಕಲಿಸುವವರಿಗೆ ಕೊಡುವ ಅಲ್ಲಿನ ಇ-2 ವೀಸಾ ಸಾಮಾನ್ಯವಾಗಿ ಏಳು ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಎಂ.ಎ. ಇರಲಿ, ಬಿ.ಎಡ್. ಇರಲಿ, ಮೊದಲು ನೋಡುವುದು ಪಾಸ್‌ಪೋರ್ಟಿನ ಬಣ್ಣ. 2023ರಲ್ಲಿ ಇಂಗ್ಲೆಂಡ್ ತನ್ನ ಶಿಕ್ಷಕರ ಅರ್ಹತಾ ಪತ್ರಕ್ಕೆ, ಅದೇ ಕ್ಯೂಟಿಎಸ್‌ಗೆ, ಭಾರತದವರೂ ಅರ್ಜಿ ಹಾಕಬಹುದು ಎಂದಿತು. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ವಾರ ಅದೇ ಮಾತು. ನೋಡಿದರೆ ಗಣಿತದವರಿಗೆ, ವಿಜ್ಞಾನದವರಿಗೆ, ಫ್ರೆಂಚ್-ಜರ್ಮನ್‌ನಂಥ ಭಾಷೆ ಕಲಿಸುವವರಿಗೆ ದಾರಿ ಇತ್ತು. ಇಂಗ್ಲಿಷ್ ಕಲಿಸುವವರಿಗೆ ಇರಲಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೀಗೆ ಸೋಸುತ್ತಾ ಬಂದರೆ ನಮ್ಮಂಥವರಿಗೆ ಉಳಿಯುವುದು ಹೆಚ್ಚಾಗಿ ಗಲ್ಫ್ ದೇಶಗಳ ಭಾರತೀಯ ಪಠ್ಯಕ್ರಮದ ಶಾಲೆಗಳು, ಮಾಲ್ಡೀವ್ಸ್, ಇನ್ನು ಥಾಯ್ಲೆಂಡ್ ಕಡೆಯ ಕೆಲವು ಶಾಲೆಗಳು. ಗಲ್ಫ್‌ಗೆ ಬಿ.ಎಡ್. ಬೇಕೇ ಬೇಕು. ಆನ್‌ಲೈನ್‌ನಲ್ಲಿ 120 ಗಂಟೆಯ ಟೆಫಲ್ (ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಇಂಗ್ಲಿಷ್ ಕಲಿಸುವ ತರಬೇತಿ) ಸರ್ಟಿಫಿಕೇಟ್ ಮಾಡಿ ಅಂತ ದಿನಾ ಜಾಹೀರಾತು ಬರುತ್ತವಲ್ಲ, ಬಿ.ಎಡ್. ಇಲ್ಲದೆ ಅದೊಂದನ್ನೇ ಹಿಡಿದುಕೊಂಡು ಹೋದರೆ ಅಲ್ಲಿನ ಶಾಲೆಗಳು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ ದುಡ್ಡು ಉಳಿಸಿಕೊಳ್ಳಿ.

ಕೆಲಸ ಹುಡುಕುವಾಗ ಹುಬ್ಬಳ್ಳಿಯಲ್ಲಿ ಒಬ್ಬ ಏಜೆಂಟ್ ಸಿಕ್ಕಿದ್ದ. ಒಳ್ಳೆಯ ಎಸಿ ಆಫೀಸು, ಗೋಡೆ ತುಂಬ ಬುರ್ಜ್ ಖಲೀಫಾ ಫೋಟೋ. ‘ಒಂದೂವರೆ ಲಕ್ಷ ಆಗ್ತದ ಮೇಡಂ, ಅರ್ಧ ಈಗ, ಅರ್ಧ ವೀಸಾ ಬಂದ ಮ್ಯಾಲೆ’ ಎಂದ. ನಮ್ಮ ದೇಶದಲ್ಲಿ ವಿದೇಶಕ್ಕೆ ಕೆಲಸಕ್ಕೆ ಕಳಿಸುವವರು 1983ರ ವಲಸೆ ಕಾಯ್ದೆಯ ಕೆಳಗೆ ನೋಂದಣಿ ಮಾಡಿಸಿರಬೇಕು. ಅವರು ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30 ಸಾವಿರ ರೂಪಾಯಿ, ಮೇಲೆ ಜಿಎಸ್‌ಟಿ. ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇರುತ್ತದೆ. ಅವನ ಹೆಸರು ಅದರಲ್ಲಿ ಇರಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಕೊನೆಗೆ ಶಾಲೆಗಳಿಗೆ ನಾನೇ ಮೇಲ್ ಹಾಕಿದೆ. ಡಿಸೆಂಬರ್-ಜನವರಿ ಇದಕ್ಕೆ ಸರಿಯಾದ ಕಾಲ, ಯಾಕೆಂದರೆ ಯುಎಇಯ ಭಾರತೀಯ ಶಾಲೆಗಳಲ್ಲಿ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಮೊಬೈಲಿನಲ್ಲೇ ಸಂದರ್ಶನ, ಎಂಟನೇ ಕ್ಲಾಸಿನ ಗ್ರಾಮರ್ ಪಾಠದ ಡೆಮೊ. ಅಣ್ಣ ಹಿಂದೆ ನಿಂತು ಗಾಳಿಗೆ ಬೋರ್ಡ್ ಬೀಳದಂತೆ ಹಿಡಿದಿದ್ದ. ಅದು ಬೇಗ ಮುಗಿಯಿತು.

ಆಫರ್ ಲೆಟರ್ ಬಂದ ದಿನ ಅಪ್ಪ ಕನ್ನಡಕ ಹಾಕಿಕೊಂಡು ಕೂತ. ನಾನು ಓದಿ ಹೇಳುತ್ತಾ ಹೋದೆ. ಬೇಸಿಕ್ 2,000. ಮನೆ ಬಾಡಿಗೆ ಭತ್ಯೆ 1,200. ಸಾರಿಗೆ 400. ಇತರೆ 400. ಒಟ್ಟು 4,000 ದಿರ್ಹಮ್. ವರ್ಷಕ್ಕೊಮ್ಮೆ ಟಿಕೆಟ್ಟಿಗೆ 1,200. ಆರೋಗ್ಯ ವಿಮೆ ಶಾಲೆಯದು. ಅಪ್ಪ ಬೇಸಿಕ್ ಇದ್ದ ಸಾಲಿನ ಮೇಲೆ ಬೆರಳಿಟ್ಟು, ‘ಇದ್ಯಾಕ ಅರ್ಧಾ ಐತಿ?’ ಎಂದ. ಸರ್ಕಾರಿ ಸಂಬಳ ತೆಗೆದುಕೊಂಡವನಿಗೆ ಬೇಸಿಕ್ ಕಡಿಮೆಯಾದರೆ ಮುಂದೆ ಏನು ಕಡಿಮೆಯಾಗುತ್ತದೆ ಎಂದು ಗೊತ್ತಿತ್ತು. ಅದರ ಅರ್ಥ ನನಗೆ ಮೂರು ವರ್ಷದ ಮೇಲೆ ಆಯಿತು. ಅದಕ್ಕೆ ಆಮೇಲೆ ಬರುತ್ತೇನೆ.

ಇನ್ನು ಕಾಗದಪತ್ರ. ಇದು ಒಂದು ದೊಡ್ಡ ಪುರಾಣ. ಎಂ.ಎ. ಮತ್ತು ಬಿ.ಎಡ್. ಪದವಿ ಪತ್ರಗಳು ಅಸಲಿ ಎಂದು ಮೊದಲು ವಿಶ್ವವಿದ್ಯಾಲಯ ಹೇಳಬೇಕು. ಆಮೇಲೆ ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೃಢೀಕರಣ. ಅದರ ಮೇಲೆ ದಿಲ್ಲಿಯಲ್ಲಿ ವಿದೇಶಾಂಗ ಸಚಿವಾಲಯ, ಅದಾದ ಮೇಲೆ ಯುಎಇ ರಾಯಭಾರ ಕಚೇರಿ. ಅಲ್ಲಿಗೆ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯ ಸ್ಟಿಕ್ಕರ್, ಅದಕ್ಕೆ ಪ್ರತಿ ಪತ್ರಕ್ಕೆ 150 ದಿರ್ಹಮ್. ನನ್ನ ಪದವಿ ಪತ್ರದ ಮುಂಭಾಗದಲ್ಲಿ ವಿಶ್ವವಿದ್ಯಾಲಯದ ಮುದ್ರೆ ಒಂದೇ. ತಿರುಗಿಸಿದರೆ ಹಿಂದೆ ಜಾಗವೇ ಇಲ್ಲ. ನೀಲಿ ಶಾಯಿ, ನೇರಳೆ ಶಾಯಿ, ಹೊಳೆಯುವ ಸ್ಟಿಕ್ಕರ್, ಅರಬ್ಬಿ ಅಕ್ಷರ, ಅದರ ಮೇಲೆ ಅಡ್ಡಡ್ಡ ಸಹಿ. ಅವ್ವ ಅದನ್ನು ಲ್ಯಾಮಿನೇಷನ್ ಮಾಡಿಸೋಣ ಅಂದಿದ್ದಳು. ದಯವಿಟ್ಟು ಯಾರೂ ಮೊದಲೇ ಲ್ಯಾಮಿನೇಷನ್ ಮಾಡಿಸಬೇಡಿ. ಮಾಡಿಸಿದರೆ ಮುದ್ರೆ ಹೊಡೆಯಲು ಬರುವುದಿಲ್ಲ, ಹೊಸ ಪ್ರತಿಗೆ ಮತ್ತೆ ಅರ್ಜಿ ಹಾಕಬೇಕು.

ಇದನ್ನೆಲ್ಲ ನಾನೇ ಓಡಾಡಿ ಮಾಡಿಸುವುದು ಆಗುತ್ತಿರಲಿಲ್ಲ, ಕೆಲಸಕ್ಕೆ ರಜೆ ಸಿಗುತ್ತಿರಲಿಲ್ಲ. ಏಜೆನ್ಸಿಗೆ ಕೊಟ್ಟೆ. ಎರಡೂ ಪತ್ರ ಸೇರಿ 20 ಸಾವಿರ ರೂಪಾಯಿ ದಾಟಿತು. ಪೊಲೀಸ್ ಪ್ರಮಾಣಪತ್ರಕ್ಕೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿ. ವೀಸಾ ಖರ್ಚು ಮಾತ್ರ ಕೊಡಬೇಡಿ. ಯುಎಇಯ 2021ರ ಕಾರ್ಮಿಕ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚು ಕೆಲಸಕ್ಕೆ ಕರೆಸಿಕೊಳ್ಳುವವರದೇ. ಅದನ್ನು ಕೆಲಸಗಾರನಿಂದ ಸುತ್ತುಬಳಸಿಯೂ ವಸೂಲಿ ಮಾಡುವಂತಿಲ್ಲ. ಆದರೂ ನಮ್ಮ ಶಾಲೆಯ ಪತ್ರದಲ್ಲಿ ‘ಎರಡು ವರ್ಷದ ಮೊದಲು ಬಿಟ್ಟರೆ ವೀಸಾ ಖರ್ಚು ಹಿಡಿದುಕೊಳ್ಳುತ್ತೇವೆ’ ಎಂಬ ಸಾಲು ಇತ್ತು. ಕೇಳಿದಾಗ ಎಚ್‌ಆರ್ ಮೇಡಂ, ‘ಅದು ಎಲ್ಲರಿಗೂ ಹಾಕುವುದು, ಸುಮ್ನೆ ಇರಲಿ ಬಿಡಿ’ ಎಂದರು. ಸುಮ್ನೆ ಇರಲಿ ಎಂದು ಯಾರೂ ಒಂದು ಸಾಲು ಬರೆಯುವುದಿಲ್ಲ.

ಅಲ್ಲಿ ಇಳಿದ ಮೇಲೆ ರಕ್ತ ಪರೀಕ್ಷೆ, ಎದೆಯ ಎಕ್ಸ್-ರೇ, ಎಮಿರೇಟ್ಸ್ ಐಡಿ. ಎಲ್ಲ ಸಲೀಸಾಗಿ ಆಯಿತು. ಕಷ್ಟವಾದದ್ದು ಮನೆ.

ಅಲ್ಲಿ ಇಡೀ ಫ್ಲಾಟ್ ಬಾಡಿಗೆಗೆ ಹಿಡಿಯಬೇಕಾದರೆ ವರ್ಷದ ಬಾಡಿಗೆಗೆ ಮುಂಗಡ ತಾರೀಖಿನ ನಾಲ್ಕೋ ಆರೋ ಚೆಕ್ ಬರೆದುಕೊಡಬೇಕು. ಹೊಸದಾಗಿ ಹೋದವರ ಹತ್ತಿರ ಚೆಕ್ ಪುಸ್ತಕವೂ ಇರುವುದಿಲ್ಲ, ಅಷ್ಟು ದುಡ್ಡೂ ಇರುವುದಿಲ್ಲ. ಹಾಗಾಗಿ ಷೇರಿಂಗ್. ಅಲ್ ನಹ್ದಾದಲ್ಲಿ, ದುಬೈ ಗಡಿಗೆ ಹತ್ತಿಕೊಂಡ ಜಾಗ, ಕೇರಳದ ಇಬ್ಬರು ಟೀಚರ್‌ಗಳ ಜೊತೆ ಒಂದು ರೂಮ್. ನನ್ನ ಪಾಲು 1,100, ಕರೆಂಟು-ನೀರು ಸೇರಿ. ಹಾಲ್‌ನಲ್ಲಿ ಪ್ಲೈವುಡ್ ಹಾಕಿ ಮಾಡಿದ ಪಾರ್ಟಿಷನ್‌ನಲ್ಲಿ ಇನ್ನೊಂದು ಕುಟುಂಬ. ಮೊದಲ ಭಾನುವಾರ ಬೆಳಗ್ಗೆ ನಾನು ಜೋಳದ ರೊಟ್ಟಿ ಬಡಿಯಲು ಶುರು ಮಾಡಿದೆ. ಪ್ಲೈವುಡ್ ಆಚೆಯಿಂದ ಆ ಮನೆಯ ಅಕ್ಕ ಓಡಿ ಬಂದು, ಏನಾದರೂ ಒಡೆಯುತ್ತಿದೆಯಾ ಎಂದು ಕೇಳಿದರು. ಆಮೇಲಿಂದ ಪ್ರತಿ ರಜೆಗೂ ಊರಿನಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುವುದು ರೂಢಿಯಾಯಿತು. ಬ್ಯಾಗಿನ ತೂಕದಲ್ಲಿ ಅರ್ಧ ಅದೇ ಇರುತ್ತಿತ್ತು.

ಈಗ ಲೆಕ್ಕ. ಬಾಡಿಗೆ 1,100. ಊಟ, ಕಿರಾಣಿ 600. ಮೊಬೈಲ್, ಇಂಟರ್ನೆಟ್ 100. ಬಸ್ಸು, ಟ್ಯಾಕ್ಸಿ 100. ಸೋಪು, ಔಷಧ, ಚಪ್ಪಲಿ, ಯಾರದೋ ಬೀಳ್ಕೊಡುಗೆಯ ಚಂದಾ, ಹೀಗೆ ಚಿಲ್ಲರೆ 250. ಶಾಲೆಗೆ ಹೋಗಿಬರಲು ಖರ್ಚಿಲ್ಲ, ಶಾಲೆಯ ಬಸ್ಸಿನಲ್ಲೇ ಮಕ್ಕಳನ್ನು ನೋಡಿಕೊಂಡು ಹೋಗುತ್ತಿದ್ದೆವು. ಅದು ಬಿಟ್ಟಿ ಅಂತ ಅನಿಸುತ್ತದೆ, ಆದರೆ ಬೆಳಗ್ಗೆ ಐದೂವರೆಗೆ ರಸ್ತೆಯಲ್ಲಿ ನಿಂತಿರಬೇಕು. ಒಟ್ಟು ಖರ್ಚು 2,150. ಉಳಿದದ್ದು 1,850. ಸಂಬಳಕ್ಕೆ ತೆರಿಗೆ ಇಲ್ಲ, ಸರಿ. ಆದರೆ 2018ರಿಂದ ಸಾಮಾನಿನ ಮೇಲೆ 5 ಶೇಕಡಾ ವ್ಯಾಟ್ ಇದೆ. 2023ರಿಂದ ಕೆಲಸ ಹೋದರೆ ಎಂದು ಕಡ್ಡಾಯ ವಿಮೆ ಬಂತು, ನಮ್ಮಂಥವರಿಗೆ ತಿಂಗಳಿಗೆ 5 ದಿರ್ಹಮ್. ಅದೇನು ಭಾರವಲ್ಲ.

1,850 ಅಂದರೆ ಆಗಿನ ದರದಲ್ಲಿ ಸುಮಾರು 38 ಸಾವಿರ ರೂಪಾಯಿ. ಹುಬ್ಬಳ್ಳಿಯಲ್ಲಿದ್ದಾಗ ಗದಗದಿಂದ ಓಡಾಡಿಕೊಂಡು, ಮನೆಯ ಊಟ ಉಂಡು ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ಉಳಿಯುತ್ತಿತ್ತು. ಅದರ ಜೊತೆ ಪಿಎಫ್ ಇತ್ತು. ನನ್ನ ಪಾಲು 1,800, ಶಾಲೆಯದು ಅಷ್ಟೇ. ಅಲ್ಲಿ ನಮಗೆ ಪಿಎಫ್ ಇಲ್ಲ, ಪಿಂಚಣಿ ಇಲ್ಲ. ಇದನ್ನೆಲ್ಲ ಕಳೆದು ನೋಡಿದರೆ ಮನೆ ಬಿಟ್ಟು ಹೋಗಿದ್ದಕ್ಕೆ ತಿಂಗಳಿಗೆ ಜಾಸ್ತಿ ಸಿಕ್ಕಿದ್ದು 23-24 ಸಾವಿರ. ಓಣಿಯವರ ಲೆಕ್ಕದಲ್ಲಿ ಅದು 80 ಸಾವಿರ. ಈ ಎರಡು ಲೆಕ್ಕದ ನಡುವೆಯೇ ನಮ್ಮ ಮನೆಗೆ ಕೈಗಡ ಕೇಳಲು ಬರುವವರು ಹುಟ್ಟಿಕೊಂಡದ್ದು. ಅವ್ವನ ಭಿಶಿ (ಚೀಟಿ) ಗುಂಪಿನಲ್ಲಂತೂ, ‘ನಿನಗೇನವಾ, ಮಗಳು ದುಬೈಗದಾಳ’ ಎಂದು ಅವಳ ಪಾಳಿಯನ್ನು ಎರಡು ಸಲ ಹಿಂದೆ ಹಾಕಿದರಂತೆ.

ಇನ್ನೊಂದು ಸೂಕ್ಷ್ಮ ಇದೆ. ಟಿಕೆಟ್ಟಿಗೆ ಕೊಡುವ 1,200 ದಿರ್ಹಮ್ ವರ್ಷದ ಬೇರೆ ಯಾವ ತಿಂಗಳಲ್ಲಾದರೂ ಧಾರಾಳ ಸಾಕು. ಆದರೆ ಶಿಕ್ಷಕರು ಊರಿಗೆ ಬರಲು ಸಾಧ್ಯವಿರುವುದು ಜುಲೈನಲ್ಲಿ. ಅಲ್ಲಿರುವ ಎಲ್ಲ ಶಾಲೆಗಳ ಮಕ್ಕಳು, ಅವರ ಅಪ್ಪ-ಅಮ್ಮ ಎಲ್ಲರೂ ಹೊರಡುವುದು ಆಗಲೇ. ವಿಮಾನದವರು ಸುಮ್ಮನೆ ಇರುತ್ತಾರೆಯೇ? ಮೇಲಿನ ದುಡ್ಡು ನಮ್ಮ ಕೈಯಿಂದ. ಹಾಗೆಯೇ ಜುಲೈ-ಆಗಸ್ಟ್ ರಜೆಗೆ ಪೂರ್ತಿ ಪಗಾರ ಇದೆಯಾ ಎಂದು ಸಹಿ ಹಾಕುವ ಮೊದಲೇ ಕೇಳಬೇಕು. ಕಾನೂನಿನ ವಾರ್ಷಿಕ ರಜೆ 30 ದಿನ. ಅದರ ಮೇಲಿನದು ಒಪ್ಪಂದದಲ್ಲಿ ಬರೆದಂತೆ.

ದುಡ್ಡು ಕಳಿಸುವುದಕ್ಕೆ ಮೊದಲು ಗದಗದ ಬ್ಯಾಂಕಿಗೆ ಹೋಗಿ ಎನ್‌ಆರ್‌ಇ ಖಾತೆ, ಅಂದರೆ ಅನಿವಾಸಿಗಳು ಹೊರಗೆ ದುಡಿದದ್ದನ್ನು ಇಡುವ ಖಾತೆ, ತೆರೆದದ್ದು ಒಳ್ಳೆಯದಾಯಿತು. ಈ ಖಾತೆಯ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳ ಇಲ್ಲಿನ ಆದಾಯದ ಖಾತೆ) ಮಾಡಿಸಬೇಕು, ಅದರ ಬಡ್ಡಿಗೆ 30 ಶೇಕಡಾ ಮುರಿದುಕೊಳ್ಳುತ್ತಾರೆ. ಎನ್‌ಆರ್‌ಇ ಠೇವಣಿ ಒಂದು ವರ್ಷಕ್ಕಿಂತ ಕಡಿಮೆ ಇಟ್ಟರೆ ಬಡ್ಡಿಯೇ ಇಲ್ಲ. ನನ್ನ ಹಳೆಯ ಪಿಪಿಎಫ್ ಅವಧಿ ಮುಗಿಯುವವರೆಗೆ ನಡೆಸಿಕೊಂಡು ಹೋಗಬಹುದಿತ್ತು. ಎನ್‌ಆರ್‌ಐ ಆದ ಮೇಲೆ ಹೊಸದು ತೆರೆಯಲು ಬರುವುದಿಲ್ಲ.

ಹೋಗುವ ತಿಂಗಳೂ ಮುಖ್ಯ. ಕೆಲಸಕ್ಕೆಂದು ದೇಶ ಬಿಟ್ಟವರು ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಅನಿವಾಸಿ ಲೆಕ್ಕ. ನಾನು ಏಪ್ರಿಲ್‌ನಲ್ಲಿ ಹೋದದ್ದರಿಂದ ತೊಂದರೆ ಬರಲಿಲ್ಲ. ನಮ್ಮ ರೂಮಿನ ಒಬ್ಬಳು ಅಕ್ಟೋಬರ್ ಕೊನೆಗೆ ಬಂದವಳು. ಅವಳ ಆ ವರ್ಷದ ಅಲ್ಲಿಯ ಪಗಾರವನ್ನೂ ಇಲ್ಲಿಯ ರಿಟರ್ನ್‌ನಲ್ಲಿ ತೋರಿಸಬೇಕಾಯಿತು.

ಶಾರ್ಜಾದಲ್ಲಿ 2022ರಿಂದ ವಾರಕ್ಕೆ ಮೂರು ದಿನ ರಜೆ, ಶುಕ್ರವಾರದಿಂದ ಭಾನುವಾರದವರೆಗೆ. ಕೇಳಲು ಸ್ವರ್ಗ. ಉಳಿದ ನಾಲ್ಕು ದಿನ ಶಾಲೆಯ ಹೊತ್ತು ಉದ್ದವಾಯಿತು, ಶುಕ್ರವಾರ ಪೂರ್ತಿ ನೋಟ್‌ಬುಕ್ ತಿದ್ದುವುದು. ಕೆಲವರು ಆ ಮೂರು ದಿನ ಟ್ಯೂಷನ್ ಹೇಳಿ ಪಗಾರದಷ್ಟೇ ದುಡಿಯುತ್ತಿದ್ದರು, ಕದ್ದುಮುಚ್ಚಿ. 2023ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಖಾಸಗಿ ಪಾಠಕ್ಕೆ ಪರವಾನಗಿ ಕೊಡಲು ಶುರು ಮಾಡಿತು. ಶುಲ್ಕ ಇಲ್ಲ, ಪರವಾನಗಿಯ ಅವಧಿ ಎರಡು ವರ್ಷ. ಆಮೇಲೆ ನಾನೂ ಪರವಾನಗಿ ಮಾಡಿಸಿಕೊಂಡು ಇಬ್ಬರು ಹತ್ತನೇ ಕ್ಲಾಸಿನ ಹುಡುಗಿಯರಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಕೊನೆಯ ವರ್ಷದ ಉಳಿತಾಯಕ್ಕೆ ಬಲ ಬಂದದ್ದು ಅದರಿಂದ. ಇನ್ನೊಂದು ಬಲ ನನ್ನ ಕೈಯಲ್ಲಿ ಇಲ್ಲದ್ದು. ದಿರ್ಹಮ್ ಡಾಲರಿಗೆ ಕಟ್ಟಿಹಾಕಿದ ನಾಣ್ಯ, ಡಾಲರಿಗೆ 3.6725, 1997ರಿಂದ ಹೀಗೇ. ರೂಪಾಯಿ ಬಿದ್ದಷ್ಟೂ ನಮಗೆ ಜಾಸ್ತಿ. ನಾನು ವಾಪಸ್ ಬರುವಾಗ ದಿರ್ಹಮ್ 23 ರೂಪಾಯಿ ದಾಟಿತ್ತು. ಮೂರು ವರ್ಷದಲ್ಲಿ ಶಾಲೆ ಕೊಟ್ಟ ಇನ್‌ಕ್ರಿಮೆಂಟ್‌ಗಿಂತ ರೂಪಾಯಿ ಕೊಟ್ಟದ್ದೇ ಜಾಸ್ತಿ.

ಒಮ್ಮೆ ಅಂತರಶಾಲಾ ಚರ್ಚಾಸ್ಪರ್ಧೆಗೆ ಮಕ್ಕಳನ್ನು ಕರೆದುಕೊಂಡು ದುಬೈನ ಬ್ರಿಟಿಷ್ ಪಠ್ಯಕ್ರಮದ ಶಾಲೆಗೆ ಹೋಗಿದ್ದೆವು. ಅಲ್ಲಿನ ಇಂಗ್ಲಿಷ್ ಟೀಚರ್, ನನ್ನದೇ ವಯಸ್ಸಿನವಳು, ಚಹಾ ಕುಡಿಯುತ್ತಾ ಮಾತಿಗೆ ಸಿಕ್ಕಳು. ಶಾಲೆಯೇ ಕೊಟ್ಟ ಫ್ಲಾಟ್, ವರ್ಷಕ್ಕೆ ಊರಿಗೆ ಟಿಕೆಟ್, ಮೇಲೆ 12 ಸಾವಿರ ದಿರ್ಹಮ್ ಪಗಾರ. ಅವಳ ಕ್ಲಾಸಿನಲ್ಲಿ 22 ಮಕ್ಕಳು, ನನ್ನದರಲ್ಲಿ 34. ಅಲ್ಲಿನ ಜಾಹೀರಾತುಗಳಲ್ಲಿ ‘ಅರ್ಹ ಶಿಕ್ಷಕ’ ಎಂದರೆ ಬ್ರಿಟನ್ನಿನ ಅರ್ಹತೆ ಇದ್ದವರು ಎಂದು ಅರ್ಥ. ನಮ್ಮ ಬಿ.ಎಡ್. ಅಲ್ಲ. ಭಾರತೀಯ ಶಾಲೆಗಳು ಫೀ ಕಡಿಮೆ ತೆಗೆದುಕೊಳ್ಳುತ್ತವೆ, ಪಗಾರ ಕಡಿಮೆ ಕೊಡುತ್ತವೆ, ಅದು ಒಪ್ಪೋಣ. ಆದರೂ ಅವಳು ಕಲಿಸುವ ಪ್ರಬಂಧ, ಪತ್ರ, ವ್ಯಾಕರಣವೇ ನಾನು ಕಲಿಸುವುದೂ. ಅವತ್ತು ಬಹುಮಾನ ಗೆದ್ದದ್ದು ನಮ್ಮ ಹುಡುಗಿಯರು ಎಂದು ಇಲ್ಲಿ ಹೇಳದೆ ಇರಲು ಆಗುವುದಿಲ್ಲ.

ಹಾವೇರಿಯ ನನ್ನ ಗೆಳತಿ ಮಾಲ್ಡೀವ್ಸ್‌ನ ಒಂದು ಸಣ್ಣ ದ್ವೀಪದಲ್ಲಿ ಇಂಗ್ಲಿಷ್ ಕಲಿಸುತ್ತಾಳೆ. ಅವಳ ಕಥೆ ಬೇರೆ. ಅಲ್ಲಿ ಖರ್ಚು ಮಾಡಲು ಅಂಗಡಿಯೇ ಇಲ್ಲ, ದುಡ್ಡು ತಾನಾಗಿ ಉಳಿಯುತ್ತದೆ. ತೊಂದರೆ ಇರುವುದು ಅದನ್ನು ಊರಿಗೆ ತರುವುದರಲ್ಲಿ. ಪಗಾರ ರುಫಿಯಾದಲ್ಲಿ. ಅಧಿಕೃತ ದರ ಡಾಲರಿಗೆ 15.42. ಆದರೆ ಬ್ಯಾಂಕು ಆ ದರದಲ್ಲಿ ಕೊಡುವ ಡಾಲರಿಗೆ ಮಿತಿ ಇದೆ, ಉಳಿದದ್ದಕ್ಕೆ ಹೊರಗೆ ಜಾಸ್ತಿ ಕೊಡಬೇಕು. ‘ಉಳಿಸೂದ ಸರಳ, ಕಳಿಸೂದ ತ್ರಾಸ’ ಎನ್ನುತ್ತಾಳೆ.

2025ರ ಮಾರ್ಚ್ ಕೊನೆಗೆ ಕೆಲಸ ಬಿಟ್ಟೆ. ಆಗ ಬಂತು ಅಪ್ಪ ಬೆರಳಿಟ್ಟ ಸಾಲಿನ ಪಾಳಿ. ಯುಎಇಯಲ್ಲಿ ಒಂದು ವರ್ಷ ಪೂರೈಸಿದವರಿಗೆ ಬಿಡುವಾಗ ಗ್ರಾಚ್ಯುಟಿ ಕೊಡಬೇಕು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲಿನ ವರ್ಷಗಳಿಗೆ 30 ದಿನದ್ದು. ಬೇಸಿಕ್ ಮಾತ್ರ, ಭತ್ಯೆ ಲೆಕ್ಕಕ್ಕಿಲ್ಲ. 2,000ದ ಮೇಲೆ ವರ್ಷಕ್ಕೆ 1,400, ಮೂರು ವರ್ಷಕ್ಕೆ 4,200 ದಿರ್ಹಮ್. 4,000 ಪೂರ್ತಿ ಬೇಸಿಕ್ ಆಗಿದ್ದರೆ 8,400 ಬರುತ್ತಿತ್ತು. ವ್ಯತ್ಯಾಸ ರೂಪಾಯಿಯಲ್ಲಿ ಒಂದು ಲಕ್ಷದ ಹತ್ತಿರ. ಅಂದರೆ ಪಗಾರವನ್ನು ಬೇಸಿಕ್, ಭತ್ಯೆ ಎಂದು ಒಡೆದು ಬರೆದದ್ದರಿಂದಲೇ ಶಾಲೆಗೆ ಅಷ್ಟು ಉಳಿಯಿತು. ಕಾನೂನಿಗೆ ಏನೂ ಧಕ್ಕೆ ಇಲ್ಲ.

ಟಿಕೆಟ್, ಮೊದಲ ವರ್ಷದ ಕಾಗದಪತ್ರದ ಖರ್ಚು, ಕೈಗಡ ಕೊಟ್ಟು ವಾಪಸ್ ಬಾರದ್ದು ಎಲ್ಲ ಕಳೆದು, ಟ್ಯೂಷನ್ ಕೂಡಿಸಿ, ಮೂರು ವರ್ಷಕ್ಕೆ ಸುಮಾರು 15 ಲಕ್ಷ ರೂಪಾಯಿ ಮನೆಗೆ ಬಂತು. ಮನೆ ಸಾಲ ತೀರಿತು, ಅಣ್ಣನ ಅಂಗಡಿಗೆ ಸ್ವಲ್ಪ ಹೋಯಿತು, ಉಳಿದದ್ದು ಠೇವಣಿಯಲ್ಲಿದೆ. ಅಪ್ಪನಿಗೆ ಲೆಕ್ಕ ತೋರಿಸಿದೆ. ‘ಬೇಷ್’ ಎಂದ, ಮತ್ತೆ ಇನ್ನೊಮ್ಮೆ ಕೂಡಿಸಿ ನೋಡಿದ.

ಈಗ ಮಸ್ಕತ್‌ನ ಒಂದು ಶಾಲೆಯಿಂದ ಆಫರ್ ಬಂದಿದೆ. 300 ಒಮಾನಿ ರಿಯಾಲ್. ಕೇಳಲು ಶಾರ್ಜಾದ ಪಗಾರಕ್ಕಿಂತ ಕಡಿಮೆ, ಆದರೆ ಮನೆ ಶಾಲೆಯದೇ. ಬಾಡಿಗೆ ಹೋಗದಿದ್ದರೆ ಕೈಯಲ್ಲಿ ಹೆಚ್ಚುಕಡಿಮೆ ಶಾರ್ಜಾದಷ್ಟೇ ಉಳಿಯಬೇಕು. ಒಮಾನ್ ಅಪೊಸ್ಟಿಲ್ (ಸದಸ್ಯ ದೇಶಗಳೆಲ್ಲ ಒಪ್ಪುವ ಒಂದೇ ದೃಢೀಕರಣ) ಒಪ್ಪಂದದಲ್ಲಿ ಇರುವುದರಿಂದ ರಾಯಭಾರ ಕಚೇರಿಯ ಮುದ್ರೆ ಬೇಕಾಗಿಲ್ಲ. ಸಚಿವಾಲಯದ ಅಪೊಸ್ಟಿಲ್ ಶುಲ್ಕ 50 ರೂಪಾಯಿ, ಮೇಲೆ ಏಜೆನ್ಸಿಯದು. ಬೇಸಿಕ್ ಎಷ್ಟು, ಜುಲೈ ರಜೆಗೆ ಪಗಾರ ಇದೆಯಾ, ಟಿಕೆಟ್ ಕೊಡುತ್ತೀರಾ ಇಲ್ಲ ಟಿಕೆಟ್ಟಿನ ದುಡ್ಡು ಕೊಡುತ್ತೀರಾ, ಒಂದು ಫ್ಲಾಟಿನಲ್ಲಿ ಎಷ್ಟು ಜನ ಎಂದು ಮೇಲ್ ಹಾಕಿದ್ದೇನೆ. ಫ್ಲಾಟಿನಲ್ಲಿ ಇಬ್ಬರು ಎಂದು ಉತ್ತರ ಬಂದಿದೆ. ಬೇಸಿಕ್ ಎಷ್ಟೆಂದು ಇನ್ನೂ ಹೇಳಿಲ್ಲ. ಅದು ಬರುವ ತನಕ ಸಹಿ ಹಾಕುವುದಿಲ್ಲ.